ಎರಡು ಹಸುರುಗಳು

ಹೆಬ್ಬಾಳದಿಂದ ಯಲಹಂಕದತ್ತ ಸಾಗುವ ಬಳ್ಳಾರಿ ರಸ್ತೆಯ ಪಕ್ಕದ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಾಗಲಿ, ಸುತ್ತಣ ಹಳ್ಳಿಗಳಲ್ಲಿ ಅಳಿದುಳಿದ ಮಾವಿನ ತೋಪುಗಳಲ್ಲಾಗಲಿ, ತಲೆಯೆತ್ತಿ ನೋಡುವ ಅಭ್ಯಾಸವುಳ್ಳವರಿಗೆ, ಆಶ್ರಯವೃಕ್ಷದ ಎಲೆಗಿಂತ ಭಿನ್ನ ಛಾಯೆಯ ದಪ್ಪನೆಯ ಎಲೆಗಳನ್ನೂ ಕಿತ್ತಳೆಗೆಂಪಿನ ಕೊಳವೆಹೂಗಳನ್ನೂ ಹೊತ್ತು ಕೊಂಬೆಯಿಂದ ಜೋತುಬಿದ್ದ ಪೊದೆಯೊಂದು ಕಾಣದಿರದು. ಅದೇ ಬಂದಳಿಕೆ. ಮಣ್ಣು ಮುಟ್ಟದ ಈ ಸಸ್ಯಕ್ಕೆ ಜೊತೆಯಾಗಿ ನಿಲ್ಲಿಸತಕ್ಕ ಜೀವಿಯೊಂದು ಮಲೆನಾಡಿನಲ್ಲುಂಟು, ಅದು ಚಿಟ್ಟುಗಿಳಿ. ಉದ್ದ ಸುಮಾರು 14 ಸೆಂಟಿಮೀಟರು. ಕೊಕ್ಕು ಕೆಂಪು, ಬೆನ್ನಿನ ಕೆಳಭಾಗ ಕೆಂಪು, ಮಿಕ್ಕ ಮೈ ಬಹುಮಟ್ಟಿಗೆ ಹಸುರು. ಮಕರಂದವನ್ನೂ ಮೆದುಹಣ್ಣನ್ನೂ ತಿಂದು ಬಾಳುವ ಈ ಪಕ್ಷಿ ರಾತ್ರಿ ಬಾವಲಿಯಂತೆ ತಲೆಕೆಳಗಾಗಿ ಜೋತು ನಿದ್ರಿಸುತ್ತದೆ.

ಎರಡೂ ಹಸುರೇ, ಆದರೆ ಒಂದರ ಹಸುರು ದುಡಿಯುತ್ತದೆ, ಇನ್ನೊಂದರದು ಮರೆಮಾಡುತ್ತದೆ. ಬಂದಳಿಕೆ ತನ್ನ ಹೀರುಬೇರನ್ನು ಕೊಂಬೆಯೊಳಕ್ಕೆ ಇಳಿಸಿ ನೀರನ್ನೂ ಲವಣಗಳನ್ನೂ ಕದಿಯುವುದು ದಿಟವಾದರೂ, ತನಗೆ ಬೇಕಾದ ಸಕ್ಕರೆಯನ್ನು ತನ್ನ ಎಲೆಗಳ ಪತ್ರಹರಿತ್ತಿನ ಬಲದಿಂದ, ಸೂರ್ಯನ ಬೆಳಕಿನಲ್ಲಿ, ತಾನೇ ತಯಾರಿಸಿಕೊಳ್ಳುತ್ತದೆ. ಆದಕಾರಣ ಸಸ್ಯವಿಜ್ಞಾನಿಗಳು ಅದನ್ನು ಅರೆ ಪರಾವಲಂಬಿಯೆಂದೇ ಗಣಿಸುತ್ತಾರೆ. ಗಿಳಿಯ ಗರಿಯಲ್ಲಾದರೋ ಹಸುರು ಬಣ್ಣದ ದ್ರವ್ಯವೇ ಇಲ್ಲ! ಗಿಳಿಗಳ ದೇಹವೇ ಉತ್ಪಾದಿಸುವ ಹಳದಿ ವರ್ಣದ್ರವ್ಯವೂ, ಗರಿಯೊಳಗಣ ಅತಿಸೂಕ್ಷ್ಮ ರಚನೆ ಬೆಳಕನ್ನು ಚದರಿಸುವುದರಿಂದ ಹುಟ್ಟುವ ನೀಲಿಯೂ ಬೆರೆತು ನಮ್ಮ ಕಣ್ಣಿಗೆ ಹಸುರಾಗಿ ತೋರುತ್ತವೆ. ಪೇಟೆಯ ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಬಜರಿಗಾರ್‌ಗಳ ಪೈಕಿ ನೀಲಿಯವು ಇರುವುದನ್ನು ಹಲವರು ಕಂಡಿರಬೇಕು. ಅವು ಹಳದಿಯನ್ನು ತಯಾರಿಸುವ ಶಕ್ತಿಯನ್ನು ಕಳೆದುಕೊಂಡ ಹಸುರು ಗಿಳಿಗಳೇ.

ಬಂದಳಿಕೆಯನ್ನು ಬರಿಯ ಬಿಟ್ಟಿಕೂಳಿನದೆಂದು ಹಳಿಯುವುದು ನನಗೆ ಒಪ್ಪಿತವಲ್ಲ. ಅದು ಮರಕ್ಕೆ ಏನನ್ನೂ ಹಿಂದಿರುಗಿಸದು, ನಿಜ; ಹಕ್ಕಿಗಳಿಗೆ ಮಾತ್ರ ಧಾರಾಳವಾಗಿ ಕೊಡುತ್ತದೆ. ನಗರದ ತೋಟಗಳಲ್ಲಿಯೂ ಚಿಲಿಪಿಲಿಗುಟ್ಟುವ, ಹೆಬ್ಬೆರಳಿಗಿಂತ ತುಸುವೇ ದೊಡ್ಡದಾದ ಬದನಿಕೆ ಹಕ್ಕಿ ಬಲಿತ ಮೊಗ್ಗಿನ ತುದಿಯನ್ನು ಹಿಸುಕಿದೊಡನೆ ಹೂ ಥಟ್ಟನೆ ಬಿರಿದು ಅದರ ಹಣೆಗೆ ಪರಾಗವನ್ನು ಬಳಿಯುತ್ತದೆ. ಮುಂದೆ ಹಣ್ಣನ್ನು ನುಂಗುವುದೂ ಅದೇ ಹಕ್ಕಿ. ಕೆಲವೇ ನಿಮಿಷಗಳಲ್ಲಿ ಹೊರಬರುವ ಅಂಟಂಟಾದ ಬೀಜ ಸುಲಭವಾಗಿ ಕಳಚದೆ ಹೋಗುವುದರಿಂದ, ಹಕ್ಕಿ ತನ್ನ ಹಿಂಭಾಗವನ್ನು ಕೊಂಬೆಗೆ ಉಜ್ಜುತ್ತದೆ. ಬಿತ್ತನೆ ಅಲ್ಲಿಗೆ ಮುಗಿಯಿತು.

ಮಾವು, ಸಪೋಟಗಳ ಬೆಳೆಗಾರರು, ಹಣ್ಣಾಗುವ ಮೊದಲೇ, ಅಂಟಿದ ಗಂಟಿನ ಕೆಳಗಿನಿಂದ ಕೊಂಬೆಸಹಿತ ಬಂದಳಿಕೆಯನ್ನು ಕತ್ತರಿಸುವುದು ನ್ಯಾಯವೇ. ಫಸಲಿಗೆ ಅದರಿಂದ ಹಾನಿಯುಂಟು. ಆದರೆ ಫಲದ ಲೆಕ್ಕವಿಲ್ಲದ ಬೀದಿಮರಗಳಲ್ಲಿಯೂ ಕೆರೆಯಂಚಿನ ಹೊಂಗೆಗಳಲ್ಲಿಯೂ ಒಂದೆರಡು ಪೊದೆಗಳನ್ನಾದರೂ ಯಲಹಂಕದವರು ಉಳಿಸಿಕೊಳ್ಳಬೇಕೆಂದು ಕೋರುತ್ತೇನೆ.