ಫ್ರಾನ್ಸ್‌ನ ಹಳ್ಳಿಗಾಡು: ರೇಷ್ಮೆ ಮನೆ, ಕಲ್ಲಿನ ಬದು, ಕುರಿ ಹಾದಿ

ಫ್ರಾನ್ಸ್ ಅಂದ ತಕ್ಷಣ ನಮ್ಮ ಮೊಬೈಲಿನಲ್ಲಿ ಬರೋದು ಐಫೆಲ್ ಟವರ್. ಅದು ಬಿಟ್ಟರೆ ನೇರಳೆ ಬಣ್ಣದ ಲ್ಯಾವೆಂಡರ್ ಹೊಲದಲ್ಲಿ ನಿಂತ ಯಾರದ್ದೋ ರೀಲ್ಸ್. ಈ ವಾರ ನಾನು ಬರೀತಿರೋದು ಅವೆರಡೂ ಇಲ್ಲದ ಫ್ರಾನ್ಸ್ ಬಗ್ಗೆ. ದೇಶದ ದಕ್ಷಿಣದಲ್ಲಿ ನೀಮ್ ಅನ್ನೋ ಊರಿದೆ. ಅಲ್ಲಿಂದ ಉತ್ತರಕ್ಕೆ ಹೋದರೆ ಸೆವೆನ್ ಬೆಟ್ಟಗಳು, ಅದರ ಪಕ್ಕದಲ್ಲೇ 'ಕೋಸ್' ಅಂತ ಕರೆಯುವ ಸುಣ್ಣಕಲ್ಲಿನ ಎತ್ತರದ ಬಯಲು. (ಸೆವೆನ್ ಅಂದ್ರೆ ಇಂಗ್ಲಿಷಿನ ಏಳಲ್ಲ, ಆ ಬೆಟ್ಟಸಾಲಿನ ಹೆಸರೇ ಹಾಗೆ.) ಕಳೆದ ಸೆಪ್ಟೆಂಬರ್‌ನಲ್ಲಿ ಮೂರು ವಾರ ಅಲ್ಲಿ ಓಡಾಡಿ ಬಂದೆ.

ಯಾಕೆ ಅಲ್ಲಿಗೇ ಹೋದೆ ಅಂದ್ರೆ, 2011ರಲ್ಲಿ ಯುನೆಸ್ಕೊ ಈ ಭಾಗದ ಸುಮಾರು 3 ಲಕ್ಷ ಹೆಕ್ಟೇರ್ ಜಾಗವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಅದಕ್ಕೆ ಕಾರಣ ಅರಮನೆಯೂ ಅಲ್ಲ, ಚರ್ಚೂ ಅಲ್ಲ. ಬೇಸಾಯ ಮತ್ತು ಕುರಿ ಸಾಕಣೆ ನೂರಾರು ವರ್ಷಗಳಲ್ಲಿ ಕಟ್ಟಿದ ನೆಲ ಅನ್ನೋದೇ ಕಾರಣ. ಪ್ರವಾಸಿಗರು ಫೋಟೊ ತೆಗೆಯುವ ಪ್ರತಿಯೊಂದು ಜಾಗದ ಹಿಂದೆ ಅಲ್ಲಿ ಒಬ್ಬ ರೈತನೋ ಕುರಿಗಾಹಿಯೋ ಇದ್ದಾನೆ. ಅವನು ಬಿಟ್ಟು ಹೋದ ಕಡೆ ಏನಾಗಿದೆ ಅನ್ನೋದೂ ಕಣ್ಣಿಗೆ ಕಾಣುತ್ತೆ.

ನೀಮ್‌ನಿಂದ ಹೊರಟರೆ ಮೊದಲು ಸಿಗೋದು ಪಾಂ ದ್ಯು ಗಾರ್. ಮೊದಲನೇ ಶತಮಾನದಲ್ಲಿ ರೋಮನ್ನರು ನದಿಯ ಮೇಲೆ ಮೂರು ಅಂತಸ್ತಿನ ಕಮಾನುಗಳಲ್ಲಿ ಕಟ್ಟಿದ ನೀರಿನ ಸೇತುವೆ ಇದು. ಎತ್ತರ ಸುಮಾರು 49 ಮೀಟರ್. ಜನ ಎತ್ತರ ನೋಡ್ತಾರೆ, ನೀವು ಇಳಿಜಾರು ನೋಡಿ. ಊಟೆಯಿಂದ ಊರಿಗೆ ಕಾಲುವೆಯ ಉದ್ದ ಸುಮಾರು 50 ಕಿಲೋಮೀಟರ್, ಒಟ್ಟು ಇಳಿತ 12-13 ಮೀಟರ್ ಅಷ್ಟೇ. ಅಂದ್ರೆ ಕಿಲೋಮೀಟರಿಗೆ ಸರಾಸರಿ 25 ಸೆಂಟಿಮೀಟರ್. ಒಂದೆಕರೆ ತೋಟಕ್ಕೆ ಲೆವೆಲ್ ನೋಡಿ ಕಾಲುವೆ ತೆಗೆದವರಿಗೆ ಇದು ಎಂಥಾ ಕೆಲಸ ಅಂತ ಬಿಡಿಸಿ ಹೇಳಬೇಕಿಲ್ಲ. ಅರ್ಧ ದಿನ ಸಾಕು ಇಲ್ಲಿಗೆ. ಬಿಸಿಲು ಜೋರಿರುತ್ತೆ, ಬೆಳಗ್ಗೆಯೇ ಹೋಗಿ.

ಅಲ್ಲಿಂದ ಅಲೆಸ್ ಪಟ್ಟಣ. ರಾಮನಗರ, ಕನಕಪುರ, ಶಿಡ್ಲಘಟ್ಟ ಕಡೆಯ ಓದುಗರು ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಇದು ನಮ್ಮ ಮನೆ ವಿಷಯ. ಸೆವೆನ್ ಕಣಿವೆಗಳು ಒಂದು ಕಾಲದಲ್ಲಿ ಫ್ರಾನ್ಸ್‌ನ ರೇಷ್ಮೆ ಸೀಮೆ. 1709ರ ಭಯಂಕರ ಚಳಿಗೆ ಚೆಸ್ಟ್‌ನಟ್ ಮರಗಳು ಸತ್ತ ಮೇಲೆ ಹಿಪ್ಪುನೇರಳೆ ನೆಡೋದು ಜೋರಾಯ್ತು. ನಮ್ಮ ಹಾಗೆ ಗಿಡ ಪದ್ಧತಿ ಅಲ್ಲ, ದೊಡ್ಡ ಮರಗಳು. ವರ್ಷಕ್ಕೆ ಒಂದೇ ಬೆಳೆ, ವಸಂತ ಕಾಲದಲ್ಲಿ. ಅದೇ ಕೈಗೆ ಕಾಸು ತರುತ್ತಿದ್ದ ಬೆಳೆ, ಹಾಗಾಗಿ ಹಿಪ್ಪುನೇರಳೆಗೆ 'ಚಿನ್ನದ ಮರ' ಅಂತಲೇ ಹೆಸರು.

ಈಗಲೂ ಹಳ್ಳಿಗಳಲ್ಲಿ ಹಳೇ ಮನೆಗಳನ್ನು ನೋಡಿದರೆ ಮೇಲಿನ ಒಂದು ಅಂತಸ್ತು ಆಮೇಲೆ ಏರಿಸಿದ್ದು ಅಂತ ಗೊತ್ತಾಗುತ್ತೆ. ಅದೇ ಅವರ ಹುಳ ಮನೆ, ಮ್ಯಾನ್ಯಾನರಿ. ಮೂಲೆಮೂಲೆಗೆ ಒಲೆ, ಗಾಳಿಗೆ ಸಣ್ಣ ಕಿಟಕಿ, ಅಟ್ಟಣೆ ಮೇಲೆ ಅಟ್ಟಣೆ. ಮೊಟ್ಟೆಗೆ ಕಾವು ಕೊಡೋಕೆ ಹೆಂಗಸರು ಸಣ್ಣ ಬಟ್ಟೆ ಚೀಲದಲ್ಲಿ ಕಟ್ಟಿ ಮೈಗೆ ಅಂಟಿಸಿಕೊಂಡು ಓಡಾಡ್ತಿದ್ರು. ಹಣ್ಣಾದ ಹುಳ ಗೂಡು ಕಟ್ಟೋಕೆ ನಮ್ಮಲ್ಲಿ ಚಂದ್ರಂಕಿ, ಅವರಲ್ಲಿ ಬೆಟ್ಟದಿಂದ ತಂದ ಹೀದರ್ ಪೊದೆಯ ಕಡ್ಡಿಗಳು. ನಮ್ಮ ಮನೆಯಲ್ಲಿ ಅಪ್ಪ ಹುಳ ಸಾಕ್ತಿದ್ದ ಕಾಲದ ವಾಸನೆ ಆ ಖಾಲಿ ಕೋಣೆಯಲ್ಲಿ ಇರಲಿಲ್ಲ. ಆದರೆ ಅಟ್ಟಣೆಗಳ ಅಂತರ ನೋಡಿದ ಕೂಡಲೇ, ಇಲ್ಲಿ ಸೊಪ್ಪು ಹಾಕಲು ಎಷ್ಟು ಬಗ್ಗಬೇಕು ಅಂತ ಸೊಂಟಕ್ಕೇ ಗೊತ್ತಾಯ್ತು.

1853ರಲ್ಲಿ ಫ್ರಾನ್ಸ್‌ನ ಗೂಡಿನ ಉತ್ಪಾದನೆ ಸುಮಾರು 26,000 ಟನ್. 1865ರ ಹೊತ್ತಿಗೆ ಅದು ಸುಮಾರು 4,000 ಟನ್ನಿಗೆ ಬಿತ್ತು. ಕಾರಣ ಪೆಬ್ರಿನ್, ಅಂದ್ರೆ ನಮ್ಮವರು ಹೇಳೋ ಗಂಟು ರೋಗ. ಹುಳದ ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ ಬೀಳುತ್ತೆ. ಅಲ್ಲಿನ ಸ್ಥಳೀಯ ಭಾಷೆಯಲ್ಲಿ ಮೆಣಸಿಗೆ 'ಪೆಬ್ರೆ' ಅಂತಾರೆ, ಹೆಸರು ಬಂದಿದ್ದು ಅಲ್ಲಿಂದ. ಆಗ ಸರ್ಕಾರ ಅಲೆಸ್‌ಗೆ ಕಳಿಸಿದ್ದು ಲೂಯಿ ಪಾಶ್ಚರ್‌ನನ್ನು. ರೇಷ್ಮೆ ಹುಳದ ಗಂಧಗಾಳಿಯೂ ಗೊತ್ತಿಲ್ಲದ ರಸಾಯನಶಾಸ್ತ್ರಜ್ಞ! 1865ರಿಂದ ಐದು ವರ್ಷ ಪ್ರತಿ ಹುಳದ ಹಂಗಾಮಿಗೂ ಬಂದು ಕೂತ. ಮಧ್ಯೆ 1868ರಲ್ಲಿ ಪಾರ್ಶ್ವವಾಯು ಹೊಡೆಯಿತು, ಆದರೂ ಬಿಡಲಿಲ್ಲ. ಕೊನೆಗೆ ಅವನು ಕೊಟ್ಟ ಉಪಾಯ ಬಹಳ ಸರಳ. ಪ್ರತಿ ತಾಯಿ ಚಿಟ್ಟೆ ಬೇರೆಬೇರೆಯಾಗಿ ಮೊಟ್ಟೆ ಇಡಲಿ. ಇಟ್ಟ ಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು. ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡು.

ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ನಡೆಯೋ ತಾಯಿ ಚಿಟ್ಟೆ ಪರೀಕ್ಷೆ ಅಂದ್ರೆ ಇದೇ. ನೀವು ಚಾಕಿ ಕೇಂದ್ರದಿಂದ ಡಿಎಫ್‌ಎಲ್ ಲೆಕ್ಕದಲ್ಲಿ ಹುಳ ತರ್ತೀರಲ್ಲ, ಆ 'ರೋಗರಹಿತ ಮೊಟ್ಟೆ' ಅನ್ನೋ ಮಾತು ಹುಟ್ಟಿದ ಕಣಿವೆ ಇದು. ಬಿ.ಎಸ್ಸಿ.ಯಲ್ಲಿ ಈ ಪಾಠವನ್ನು ಎರಡು ಅಂಕದ ಪ್ರಶ್ನೆಯಾಗಿ ಓದಿದ್ದೆ. ಅಲೆಸ್‌ನಲ್ಲಿ ಪಾಶ್ಚರ್ ಪ್ರತಿಮೆ ಮುಂದೆ ನಿಂತಾಗ, ಎರಡು ಅಂಕ ತೀರಾ ಕಮ್ಮಿಯಾಯ್ತು ಅನ್ನಿಸಿತು.

ರೋಗ ಹತೋಟಿಗೆ ಬಂದರೂ ರೇಷ್ಮೆ ಉಳಿಯಲಿಲ್ಲ. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಏಷ್ಯಾದ ರೇಷ್ಮೆ ಅಗ್ಗವಾಗಿ ಬಂದು ಬಿತ್ತು, ಆಮೇಲೆ ಕೃತಕ ನೂಲು. ಸಾಂ ಜಾಂ ದ್ಯು ಗಾರ್ ಊರಿನ ನೂಲು ಬಿಚ್ಚುವ ಕಾರ್ಖಾನೆ 1965ರಲ್ಲಿ ಬಾಗಿಲು ಹಾಕಿತು. ಈಗ ಅದೇ ಕಟ್ಟಡ 'ಮೇಜೋಂ ರೂಜ್' ಅನ್ನೋ ಮ್ಯೂಸಿಯಂ. ಹುಳ ಸಾಕೋ ಸಾಮಾನು, ಚೆಸ್ಟ್‌ನಟ್ ಸುಲಿಯೋ ಸಾಮಾನು ಎಲ್ಲಾ ಅಲ್ಲಿದೆ, ಖಂಡಿತ ನೋಡಿ. ಸ್ಕಾಟ್ಲೆಂಡಿನ ಲೇಖಕ ಸ್ಟೀವನ್‌ಸನ್ 1878ರಲ್ಲಿ ಒಂದು ಕತ್ತೆ ಹೊಡಕೊಂಡು 12 ದಿನ ನಡೆದು ಬಂದು ಮುಟ್ಟಿದ್ದೂ ಇದೇ ಊರಿಗೆ. ಆ ಹಾದಿ ಈಗ ಹೆಸರಾದ ಚಾರಣದ ದಾರಿ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇರಲಿಲ್ಲ, ಒಂದು ದಿನ ನಡೆದು ಬಿಟ್ಟೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬದುಗಳು. ಬೆಟ್ಟದ ಬುಡದಿಂದ ನೆತ್ತಿವರೆಗೂ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಗೋಡೆ, ಅದರ ಹಿಂದೆ ಬುಟ್ಟಿಯಲ್ಲಿ ಹೊತ್ತು ತುಂಬಿದ ಮಣ್ಣು. ಗಾರೆಯಿಲ್ಲ, ಸಿಮೆಂಟಿಲ್ಲ. ಇದಕ್ಕೂ ಕಾರಣ ಇದೆ. ಶರತ್ಕಾಲದಲ್ಲಿ ಇಲ್ಲಿ ಮಳೆ ಬಂದರೆ ಆಕಾಶ ಕಳಚಿ ಬಿದ್ದ ಹಾಗೆ. ವಾಲ್‌ರೋಗ್ ಹಳ್ಳಿಯಲ್ಲಿ 1900ರ ಸೆಪ್ಟೆಂಬರ್ 29ರಂದು ಒಂದೇ ದಿನ 950 ಮಿಲಿಮೀಟರ್ ಬಿದ್ದ ದಾಖಲೆ ಇದೆ. ನಮ್ಮ ಬಯಲುಸೀಮೆಯಲ್ಲಿ ಇಡೀ ವರ್ಷ ಇಷ್ಟು ಬರಲ್ಲ. ಸಿಮೆಂಟ್ ಗೋಡೆಯಾದರೆ ಹಿಂದೆ ನೀರು ನಿಂತು ಒತ್ತಿ ಒಡೆದುಹಾಕುತ್ತೆ. ಒಣಗಲ್ಲಿನ ಗೋಡೆ ಸಂದಿಗಳಿಂದ ನೀರು ಬಿಟ್ಟು ಮಣ್ಣನ್ನು ಹಿಡಿದುಕೊಳ್ಳುತ್ತೆ. 2018ರಲ್ಲಿ ಈ ಒಣಗಲ್ಲು ಕಟ್ಟುವ ವಿದ್ಯೆಯನ್ನೂ ಯುನೆಸ್ಕೊ ಪಟ್ಟಿಗೆ ಸೇರಿಸಿದೆ. ಫ್ರಾನ್ಸ್ ಸೇರಿ ಎಂಟು ದೇಶಗಳ ಹೆಸರಲ್ಲಿ.

ಈ ಬದುಗಳ ಮೇಲೆ ಹಿಂದೆ ಚೆಸ್ಟ್‌ನಟ್ ಇತ್ತು. ಗೋಧಿ ಬೆಳೆಯದ ಬೆಟ್ಟದಲ್ಲಿ ಅದೇ ಅನ್ನ, ಅದಕ್ಕೇ 'ರೊಟ್ಟಿ ಮರ' ಅಂತಿದ್ರು. ತೋಟದ ಮಧ್ಯೆ ಎರಡು ಅಂತಸ್ತಿನ ಸಣ್ಣ ಕಲ್ಲುಮನೆಗಳು ಕಾಣ್ತವೆ, 'ಕ್ಲೇದ್' ಅಂತಾರೆ. ಕೆಳಗೆ ಹೊಗೆಯಾಡೋ ಸಣ್ಣ ಬೆಂಕಿ, ಮೇಲೆ ಪಟ್ಟಿ ಹಾಸಿನ ಮೇಲೆ ಕಾಯಿ. ವಾರಗಟ್ಟಲೆ ಒಣಗಿಸಿ, ಸಿಪ್ಪೆ ತೆಗೆದು, ಹಿಟ್ಟು ಮಾಡಿ ಚಳಿಗಾಲ ಕಳೀತಿದ್ರು. ಮಲೆನಾಡಿನ ಅಡಿಕೆ, ಏಲಕ್ಕಿ ಗೂಡು ನೋಡಿದವರಿಗೆ ಹೊಸದೇನಲ್ಲ.

ಆಮೇಲೆ ಮರಕ್ಕೆ ರೋಗ ಬಂತು, ರೇಷ್ಮೆ ಹೋಯ್ತು, ಹುಡುಗರು ಕೆಳಗಿನ ಪಟ್ಟಣಗಳಿಗೆ ಇಳಿದರು. ಬಿಟ್ಟ ಬದುಗಳನ್ನು ನಾನು ಹತ್ತಿ ನೋಡಿದೆ. ಕಾಡು ಬೆಳೆದು ಬೇರು ಕಲ್ಲನ್ನು ತಳ್ಳಿದೆ, ಕಾಡುಹಂದಿ ಉತ್ತು ಗೋಡೆ ಉರುಳಿಸಿದೆ. ದೂರದಿಂದ ನೋಡಿದವರಿಗೆ ಅದು 'ದಟ್ಟ ಹಸಿರು ನಿಸರ್ಗ'. ಹತ್ತಿರ ಹೋದರೆ ಯಾರದ್ದೋ ಮುತ್ತಾತನ ಬೆವರು ಗುಡ್ಡೆಯಾಗಿ ಬಿದ್ದಿದೆ.

ಆದರೆ ಅದೇ ವಾಲ್‌ರೋಗ್ ಸುತ್ತಮುತ್ತ ಕೆಲವು ಬದುಗಳು ಗಟ್ಟಿಯಾಗಿ ನಿಂತಿವೆ. ಅಲ್ಲಿರೋದು ಈರುಳ್ಳಿ! ಸೆವೆನ್‌ನ ಸಿಹಿ ಈರುಳ್ಳಿ. ಚಳಿಗಾಲದಲ್ಲಿ ಪಾತಿ ಹಾಕಿ, ಮೇ ತಿಂಗಳಲ್ಲಿ ಕೈಯಲ್ಲೇ ನಾಟಿ ಮಾಡಿ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕೈಯಲ್ಲೇ ಕೀಳ್ತಾರೆ. ಆ ಬದುವಿಗೆ ಯಾವ ಟ್ರ್ಯಾಕ್ಟರೂ ಹತ್ತಲ್ಲ. ಬಯಲಿನ ಈರುಳ್ಳಿ ಜೊತೆ ರೇಟಿನಲ್ಲಿ ಗುದ್ದಾಡಿದ್ರೆ ಒಂದೇ ವರ್ಷಕ್ಕೆ ಮುಳುಗ್ತಿದ್ರು. ಅವರು ಸಹಕಾರ ಸಂಘ ಮಾಡಿಕೊಂಡು, 2003ರಲ್ಲಿ ಫ್ರಾನ್ಸ್‌ನ ಮೂಲಸ್ಥಾನ ಮನ್ನಣೆ, 2008ರಲ್ಲಿ ಯುರೋಪಿನ ಮನ್ನಣೆ ಪಡೆದರು. ನಮ್ಮ ಬೆಂಗಳೂರು ರೋಸ್ ಈರುಳ್ಳಿಗೆ ಇರೋ ಜಿಐ ಟ್ಯಾಗ್ ತರಹ. ಆದರೆ ಒಂದು ವ್ಯತ್ಯಾಸ ಗಮನಿಸಿ: ಅಲ್ಲಿ ಆ ಹೆಸರು ಅಂಗಡಿಯ ಚೀಲದ ಮೇಲೆ ಗಿರಾಕಿ ಓದುವ ಹಾಗೆ ಅಚ್ಚಾಗಿರುತ್ತೆ. ನಮ್ಮ ರೋಸ್ ಈರುಳ್ಳಿಯ ಹೆಸರನ್ನು ಬೆಂಗಳೂರಿನ ಎಷ್ಟು ಜನ ಕೇಳಿದ್ದಾರೆ? ಈರುಳ್ಳಿಗೆ ರೇಟು ಇರೋದ್ರಿಂದ ಗೋಡೆ ಬಿದ್ದರೆ ಮತ್ತೆ ಕಟ್ಟೋಕೆ ಆಳು ಇದ್ದಾರೆ. ಪರಂಪರೆ ಉಳಿಸೋಕೆ ಬೋರ್ಡು ಹಾಕಿದ ಜಾಗಕ್ಕಿಂತ ಈರುಳ್ಳಿ ಹಾಕಿದ ಜಾಗವೇ ಚೆನ್ನಾಗಿದೆ ಅಂತ ನನ್ನ ಕಣ್ಣಿಗೆ ಕಂಡಿತು.

ಪಕ್ಕದ ಎಗ್ವಾಲ್ ಪರ್ವತ ಹತ್ತಿ ಆಚೆ ಇಳಿದರೆ ನೋಟವೇ ಬದಲು. ಜೂನ್‌ನಲ್ಲಿ ಕುರಿಗಳನ್ನು ಬಯಲಿನಿಂದ ಈ ಪರ್ವತಕ್ಕೆ ಹೊಡೆಯೋ ಹಳೇ ಹಾದಿಗಳು ಇನ್ನೂ ಬಳಕೆಯಲ್ಲಿವೆ. ಆಚೆಗೆ ಕೋಸ್ ಬಯಲು: ಮರವಿಲ್ಲ, ಹೊಳೆಯಿಲ್ಲ, ನೀರೆಲ್ಲ ಸುಣ್ಣಕಲ್ಲಿನ ಬಿರುಕಿಗೆ ಇಳಿದುಹೋಗುತ್ತೆ. ಅದಕ್ಕೆ ಕುರಿಗಾಹಿಗಳು ತಟ್ಟೆಯಾಕಾರದ ಹೊಂಡ ಮಾಡಿ, ತಳಕ್ಕೆ ಕಲ್ಲು ಹಾಸಿ ಮಳೆನೀರು ಹಿಡಿದರು. 'ಲವೋನ್ಯ' ಅಂತಾರೆ. ನಮ್ಮ ಕೃಷಿಹೊಂಡದ ಅಣ್ಣ. ಟೆಂಪ್ಲರ್ ಯೋಧರು 12ನೇ ಶತಮಾನದಲ್ಲಿ ನೆಲೆ ಮಾಡಿದ ಲಾ ಕುವೆರ್ತ್ವಾರಾದ್ ಕೋಟೆ ಹಳ್ಳಿಗೆ ಎಲ್ಲರೂ ಗೋಡೆ ನೋಡೋಕೆ ಹೋಗ್ತಾರೆ. ಅದರ ಹೊರಗಿರೋ ಲವೋನ್ಯ ನೋಡದೆ ಬರಬೇಡಿ.

ಹತ್ತಿರದ ಜೋಂತ್ ಕಮರಿಯಲ್ಲಿ ತಲೆ ಮೇಲೆ ರಣಹದ್ದು. ಗುಂಡು, ವಿಷಕ್ಕೆ ಸಿಕ್ಕಿ 1940ರ ದಶಕದ ಹೊತ್ತಿಗೆ ಇಲ್ಲಿ ಒಂದೂ ಉಳಿದಿರಲಿಲ್ಲ. 1981ರಿಂದ ಮತ್ತೆ ತಂದು ಬಿಟ್ಟರು, ಈಗ ನೂರಾರು ಜೋಡಿ. ಸತ್ತ ಕುರಿಯನ್ನು ಅನುಮತಿ ಪಡೆದ ಜಾಗದಲ್ಲಿ ರೈತರೇ ಇಡ್ತಾರೆ, ಹದ್ದುಗಳು ಚೊಕ್ಕ ಮಾಡ್ತವೆ, ಹೆಣ ಸಾಗಿಸೋ ಖರ್ಚು ಉಳಿಯುತ್ತೆ. ರೇಷ್ಮೆ ಮಾರುಕಟ್ಟೆಯ ನಮ್ಮ ರಾಮನಗರದ ಬೆಟ್ಟದಲ್ಲೂ ರಣಹದ್ದಿನ ಧಾಮ ಇದೆ ಅಲ್ವಾ. ಅಲ್ಲಿನವರಿಗೆ ಅದನ್ನು ಹೇಳಿದಾಗ ಬಹಳ ಖುಷಿಪಟ್ಟರು. ದನಗಳಿಗೆ ಡೈಕ್ಲೋಫೆನಾಕ್ 2006ರಿಂದ ನಮ್ಮಲ್ಲಿ ನಿಷೇಧ, ಯಾರಾದರೂ ಚುಚ್ಚಲು ಬಂದರೆ ಬೇಡ ಅನ್ನಿ.

ಇನ್ನು ರೋಕ್‌ಫೋರ್ ಚೀಸ್. ಲಾಕೋನ್ ತಳಿ ಕುರಿಯ ಹಸಿ ಹಾಲಿನ ಈ ಚೀಸಿಗೆ 1925ರಲ್ಲೇ ಮೂಲಸ್ಥಾನದ ಮನ್ನಣೆ ಸಿಕ್ಕಿತು, ಫ್ರಾನ್ಸ್‌ನಲ್ಲಿ ಅದೇ ಮೊದಲ ಚೀಸ್. ಬೆಟ್ಟ ಕುಸಿದು ಆದ ಗವಿಗಳಲ್ಲಿ ಬಂಡೆಯ ಬಿರುಕಿನಿಂದ ತಂಪು ಗಾಳಿ ತಾನಾಗಿ ಆಡುತ್ತೆ, ಕನಿಷ್ಠ 14 ದಿನ ಚೀಸ್ ಅಲ್ಲಿರಬೇಕು. ಗವಿ ನೋಡೋಕೆ ಬಿಡ್ತಾರೆ. ರುಚಿ ಮಾತ್ರ ನನ್ನ ನಾಲಿಗೆಗೆ ಒಗ್ಗಲಿಲ್ಲ.

ಈ ಕುರಿ ಬಯಲಿನ ಒಂದು ಭಾಗ ಲಾರ್ಜಾಕ್. ಇದು ಇವತ್ತು ಕುರಿ ಬಯಲಾಗಿ ಉಳಿದದ್ದೇ ಒಂದು ಕಥೆ. 1971ರಲ್ಲಿ ಸರ್ಕಾರ ಅಲ್ಲಿನ ಮಿಲಿಟರಿ ಕ್ಯಾಂಪನ್ನು 3,000 ಹೆಕ್ಟೇರಿನಿಂದ 17,000 ಹೆಕ್ಟೇರಿಗೆ ಹಿಗ್ಗಿಸ್ತೀವಿ ಅಂತು. ಮರುವರ್ಷ ಮಾರ್ಚ್‌ನಲ್ಲಿ 103 ರೈತರು ಒಟ್ಟಿಗೆ ಸಹಿ ಹಾಕಿದರು, ಭೂಮಿ ಮಾರಲ್ಲ ಅಂತ. ಅದೇ ಹೊತ್ತಿನಲ್ಲಿ ಅವರ ನಡುವೆ ಹದಿನೈದು ದಿನ ಉಪವಾಸ ಕೂತವನು ಲಾಂಜಾ ದೆಲ್ ವಾಸ್ತೊ. ವಾರ್ಧಾದಲ್ಲಿ ಗಾಂಧೀಜಿ ಜೊತೆ ಇದ್ದು 'ಶಾಂತಿದಾಸ' ಅನ್ನೋ ಹೆಸರು ಪಡೆದ ಮನುಷ್ಯ. ಹೋರಾಟ ಅಹಿಂಸೆಯ ದಾರಿಯಲ್ಲೇ ನಡೀತು: ಐಫೆಲ್ ಟವರ್ ಕೆಳಗೆ 60 ಕುರಿ ತಂದು ಮೇಯಿಸಿದರು, ಅನುಮತಿ ಇಲ್ಲದೆ ಲಾ ಬ್ಲಾಕಿಯೇರ್‌ನಲ್ಲಿ ಕಲ್ಲಿನ ಕುರಿದೊಡ್ಡಿ ಕಟ್ಟಿದರು, 1978ರಲ್ಲಿ ಪ್ಯಾರಿಸ್‌ವರೆಗೂ ನಡೆದರು. ಹತ್ತು ವರ್ಷ. 1981ರಲ್ಲಿ ಮಿತೆರಾಂ ಅಧ್ಯಕ್ಷರಾದ ಮೇಲೆ ಯೋಜನೆ ರದ್ದಾಯ್ತು. 1999ರಲ್ಲಿ ನಂಜುಂಡಸ್ವಾಮಿಯವರ ರೈತ ಸಂಘದಿಂದ ಹಸಿರು ಶಾಲಿನವರು ಯುರೋಪ್ ಪ್ರವಾಸ ಹೋದಾಗ ಕೈಜೋಡಿಸಿದ ಫ್ರೆಂಚ್ ರೈತ ನಾಯಕ ಜೋಸೆ ಬೊವೆ ಈ ಹೋರಾಟದಲ್ಲಿ ಬೆಳೆದವರೇ.

ಯುವಕರು ತಿಳ್ಕೊಬೇಕಾದ್ದು ಆಮೇಲೆ ಆದದ್ದು. ಸರ್ಕಾರ ಅಷ್ಟರಲ್ಲಿ ಕೊಂಡಿದ್ದ ಸುಮಾರು 6,300 ಹೆಕ್ಟೇರನ್ನು 1985ರಲ್ಲಿ ರೈತರೇ ನಡೆಸುವ ಒಂದು ಸಂಸ್ಥೆಗೆ ದೀರ್ಘಾವಧಿ ಗುತ್ತಿಗೆಗೆ ಕೊಟ್ಟರು. ಆ ಗುತ್ತಿಗೆ ಈಗ 2083ರವರೆಗೆ ಇದೆ. ಅಲ್ಲಿ ಜಮೀನು, ಮನೆ ಎರಡೂ ದುಡಿಯುವಷ್ಟು ಕಾಲ ನಿಮ್ಮದು. ನಿವೃತ್ತಿಯಾದಾಗ ಬಿಟ್ಟುಕೊಡಬೇಕು, ಇನ್ನೊಬ್ಬ ಹೊಸ ರೈತ ಬರ್ತಾನೆ. ಮಾರೋ ಹಾಗಿಲ್ಲ, ಮಗನಿಗೆ ತಾನಾಗಿ ಬರೋ ಹಾಗೂ ಇಲ್ಲ. ನಮ್ಮೂರಲ್ಲಿ ಇದನ್ನು ಹೇಳಿದಾಗ ಅಪ್ಪ ಒಪ್ಪಲಿಲ್ಲ. ಎಕರೆಗೆ ಕೋಟಿ ಹೇಳೋ ಕಡೆ ಭೂಮಿಯೇ ಇಲ್ಲದೆ ಬೇಸಾಯಕ್ಕೆ ಇಳಿಯಬೇಕು ಅಂತಿರೋ ನನ್ನ ಇಬ್ಬರು ಸ್ನೇಹಿತರು ಮಾತ್ರ ಮತ್ತೆ ಮತ್ತೆ ಕೇಳಿದರು. ನನಗೂ ಇನ್ನೂ ತೀರ್ಮಾನಕ್ಕೆ ಬರೋಕಾಗಿಲ್ಲ.

ಹೋಗೋರಿಗೆ ಎರಡು ಮಾತು. ಷೆಂಗೆನ್ ವೀಸಾ ಬೇಕು, ಮುಂಚೆಯೇ ಅರ್ಜಿ ಹಾಕಿ. ಪ್ಯಾರಿಸ್‌ನಿಂದ ನೀಮ್‌ಗೆ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ, ಅಲ್ಲಿಂದ ಅಲೆಸ್‌ಗೂ ರೈಲಿದೆ. ಬೆಟ್ಟದ ಮೇಲೆ ಬಸ್ಸು ಕಮ್ಮಿ, ಮೂರ್ನಾಲ್ಕು ಜನ ಸೇರಿ ಕಾರು ಬಾಡಿಗೆಗೆ ತಗೊಳ್ಳೋದು ವಾಸಿ. ಕುರಿ ಹೊಡೆಯೋದು ನೋಡಬೇಕಾದರೆ ಜೂನ್, ಈರುಳ್ಳಿ ಕೀಳೋದಕ್ಕೆ ಆಗಸ್ಟ್ ಕೊನೆ, ಚೆಸ್ಟ್‌ನಟ್‌ಗೆ ಅಕ್ಟೋಬರ್. ಕಮರಿಗಳಲ್ಲಿ ನೆಟ್‌ವರ್ಕ್ ಸಿಗಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಭಾನುವಾರ ಮಧ್ಯಾಹ್ನದ ಮೇಲೆ ಹಳ್ಳಿ ಅಂಗಡಿ ಮುಚ್ಚಿರುತ್ತೆ. ಬ್ರೆಡ್ಡು, ಹಣ್ಣು, ಆ ಸಿಹಿ ಈರುಳ್ಳಿ ಶನಿವಾರವೇ ತಗೊಂಡಿಡಿ, ಹಸಿಯಾಗಿ ಉಪ್ಪು ಹಾಕಿಕೊಂಡು ತಿನ್ನೋಕೆ ಚೆನ್ನಾಗಿರುತ್ತೆ.