ಆರ್‌ಎಕ್ಸ್ 100: ಮೂಲ ಅಳತೆಗೆ ಮರಳಿಸುವ ಕಸುಬು

ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಕೊಂಡು ಸಜ್ಜುಗೊಳಿಸುವ ಹವ್ಯಾಸ ಜಗತ್ತಿನ ಹಲವೆಡೆ ಬೇರೂರಿದ್ದರೂ, ಆಮದಿನ ಕಟ್ಟುಪಾಡು ಹಾಗೂ ಸುಂಕದ ಹೊರೆಯಿಂದಾಗಿ ಅಂಥ ಕಾರುಗಳು ಕರ್ನಾಟಕದ ಒಳನಾಡನ್ನು ತಲುಪಿದ್ದು ತೀರ ವಿರಳ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಗಳಂಥ ಊರುಗಳಿಗೆ ಜಪಾನಿ ಯಂತ್ರದ ಚುರುಕನ್ನು ಪರಿಚಯಿಸಿದ ಕೀರ್ತಿ ಬಹುಮಟ್ಟಿಗೆ ಯಮಹಾ ಆರ್‌ಎಕ್ಸ್ 100 ಎಂಬ ಬೈಕಿಗೆ ಸಲ್ಲಬೇಕು. ಎಸ್ಕಾರ್ಟ್ಸ್ ಕಂಪನಿಯ ಸಹಯೋಗದಲ್ಲಿ 1985ರಲ್ಲಿ ಭಾರತಕ್ಕೆ ಬಂದು, 1996ರಲ್ಲಿ ತಯಾರಿಕೆ ನಿಂತುಹೋದ ಈ ಬೈಕಿನ ಎಂಜಿನ್ ಕೇವಲ 98 ಸಿಸಿ ಗಾತ್ರದ್ದಾದರೂ ಸುಮಾರು 11 ಅಶ್ವಶಕ್ತಿ ನೀಡುತ್ತಿತ್ತು. ಬೈಕಿನ ತೂಕ ನೂರು ಕಿಲೋಗ್ರಾಂ ಆಸುಪಾಸಿನಲ್ಲೇ ಇದ್ದುದರಿಂದ ಆ ಶಕ್ತಿಯೇ ಧಾರಾಳವಾಯಿತು.

ಹಳೆಯ ಆರ್‌ಎಕ್ಸ್ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಆರ್‌ಸಿ ಪುಸ್ತಕವನ್ನು ನೋಡುವುದು ಲೇಸು. ಟ್ಯಾಂಕು, ಸೀಟು, ಮಡ್‌ಗಾರ್ಡುಗಳನ್ನು ಹೊಸದಾಗಿ ಜೋಡಿಸಬಹುದು. ಆದರೆ ಚಾಸಿಯ ಮೇಲೂ ಎಂಜಿನ್ನಿನ ಮೇಲೂ ಅಚ್ಚೊತ್ತಿದ ಸಂಖ್ಯೆಗಳು ಪುಸ್ತಕದೊಂದಿಗೆ ತಾಳೆಯಾಗದಿದ್ದರೆ ಬೈಕನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ದಾರಿಯೇ ಮುಚ್ಚಿದಂತೆ. ಇದೇ ಮನೆತನದ ಆರ್‌ಎಕ್ಸ್ 135ರ ಬಿಡಿಭಾಗಗಳನ್ನು 100ಕ್ಕೆ ಕೂರಿಸುವ ರೂಢಿಯೂ ಇರುವುದರಿಂದ, ಒಳಗಿರುವುದು ಯಾವ ಸಿಲಿಂಡರ್ ಎಂಬುದನ್ನು ಬಲ್ಲ ಮೆಕ್ಯಾನಿಕ್ಕಿನಿಂದ ಬಿಚ್ಚಿಸಿ ನೋಡುವುದೇ ಸರಿ.

ನಿಜವಾದ ಕಸುಬು ಎಂಜಿನ್ನಿನಲ್ಲಿದೆ. ಆರ್‌ಎಕ್ಸ್‌ನದು ಟೂ-ಸ್ಟ್ರೋಕ್ ಎಂಜಿನ್, ಅಂದರೆ ಪಿಸ್ಟನ್ ಒಮ್ಮೆ ಮೇಲೇರಿ ಇಳಿಯುವಷ್ಟರಲ್ಲಿ ಇಂಧನ ಉರಿದು ಹೊಗೆ ಹೊರಬೀಳುವ ಚಕ್ರ ಮುಗಿಯುವಂಥದು. ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟ್ ಎಂಬ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಗಾಳಿ, ಪೆಟ್ರೋಲ್, ಎಣ್ಣೆಗಳ ಮಿಶ್ರಣ ಮೊದಲು ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಮೇಲೇರುವುದರಿಂದ ಆ ಕೋಣೆ ಗಾಳಿ ಸೋರದಂತಿರಬೇಕು. ಮೂವತ್ತು ವರ್ಷ ಕಳೆದ ರಬ್ಬರಿನ ಆಯಿಲ್ ಸೀಲುಗಳು ಗಟ್ಟಿಯಾಗಿ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳನುಗ್ಗಿ, ಇಂಧನದ ಪಾಲು ಕಡಿಮೆಯಾಗಿ, ಶಾಖವೇರಿ ಪಿಸ್ಟನ್ ಜಾಮ್ ಆಗುತ್ತದೆ. ಬರಿಯ ಪಿಸ್ಟನ್ ಬದಲಿಸಿ ಸೀಲುಗಳನ್ನು ಹಾಗೇ ಬಿಟ್ಟ ದುರಸ್ತಿ ಬಾಳಿಕೆ ಬಾರದಿರುವುದು ಇದೇ ಕಾರಣದಿಂದ.

ಸಿಲಿಂಡರಿನ ಮೂಲ ಒಳವ್ಯಾಸ 50 ಮಿ.ಮೀ. ಅದು ಸವೆದಾಗ ‘ಬೋರ್ ಹೊಡೆಸಿ’, ಅಂದರೆ ಒಳಗೋಡೆಯನ್ನು ಯಂತ್ರದಿಂದ ಸಮನಾಗಿ ಕೊರೆಸಿ, ತುಸು ದೊಡ್ಡ ಪಿಸ್ಟನ್ ಹಾಕುತ್ತಾರೆ. ಈ ಪಿಸ್ಟನ್ನುಗಳು ಕಾಲು ಮಿಲಿಮೀಟರಿನ ಹಂತದಲ್ಲಿ ದೊರೆಯುತ್ತವೆ. ಕೊರೆದ ಲೋಹ ಮತ್ತೆ ಬಾರದ್ದರಿಂದ, ಒಂದೇ ಹಂತ ಸಾಲುವ ಕಡೆ ಎರಡು ಹಂತ ಕೊರೆಯುವುದು ಎಂಜಿನ್ನಿನ ಆಯುಷ್ಯವನ್ನೇ ಕತ್ತರಿಸಿದಂತೆ. ಕೊರೆದ ಮೇಲೆ ಪೋರ್ಟುಗಳ ಹರಿತವಾದ ಅಂಚನ್ನು ಸಣ್ಣ ಕಲ್ಲಿನಿಂದ ಉಜ್ಜಿ ಮೊಂಡು ಮಾಡಬೇಕು. ಮಾಡದಿದ್ದರೆ ಪಿಸ್ಟನ್ ರಿಂಗು ಆ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಕಣ್ಣಿಗೆ ಬೀಳದ ಈ ಕೆಲಸದಲ್ಲೇ ಒಳ್ಳೆಯ ಕುಶಲಕರ್ಮಿಯ ಕೈ ಗೊತ್ತಾಗುತ್ತದೆ, ಹೊಳೆಯುವ ಕ್ರೋಮಿನಲ್ಲಲ್ಲ.

ಸೈಲೆನ್ಸರಿನ ವಿಷಯದಲ್ಲಿ ಯುವಕರ ತಪ್ಪುಕಲ್ಪನೆ ದೊಡ್ಡದು. ಟೂ-ಸ್ಟ್ರೋಕಿನ ಸೈಲೆನ್ಸರ್ ಸದ್ದಡಗಿಸುವುದರ ಜೊತೆಗೆ, ಹೊಗೆಯ ಒತ್ತಡದ ಅಲೆಯನ್ನು ಹಿಂದಿರುಗಿಸಿ, ಉರಿಯದ ಮಿಶ್ರಣ ಹೊರಗೆ ಸೋರಿಹೋಗದಂತೆ ತಡೆಯುತ್ತದೆ. ಅದರ ಒಳಭಾಗವನ್ನು ಕಿತ್ತು ಅಬ್ಬರ ಹೆಚ್ಚಿಸಿದರೆ ಈ ಹೊಂದಾಣಿಕೆ ಕೆಟ್ಟು ಎಳೆತವೂ ಕುಂದಬಹುದು, ಊರವರ ನೆಮ್ಮದಿಯೂ ಹಾಳು. ಒಳಗೆ ಕಟ್ಟಿದ ಕಾರ್ಬನ್ ಮಸಿಯನ್ನು ತೆಗೆಸಿದರೆ ಸಾಕು, ಮೂಲ ಸೈಲೆನ್ಸರೇ ಎಲ್ಲಕ್ಕಿಂತ ಮೇಲು.

ಇಷ್ಟೆಲ್ಲ ಆದ ಮೇಲೂ ಕಾನೂನಿನ ಕಣ್ಣಲ್ಲಿ ಆರ್‌ಎಕ್ಸ್ ಇನ್ನೂ ‘ವಿಂಟೇಜ್’ ಅಲ್ಲ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆ ಮಾನ್ಯತೆಗೆ ಐವತ್ತು ವರ್ಷ ದಾಟಿರಬೇಕಾಗಿದ್ದು, ಮೊದಲ ಆರ್‌ಎಕ್ಸ್‌ಗಳಿಗೂ ಆ ವಯಸ್ಸು 2035ಕ್ಕೆ ತುಂಬುತ್ತದೆ. ಅಲ್ಲಿಯವರೆಗೆ, ಹದಿನೈದು ವರ್ಷದ ಮೊದಲ ನೋಂದಣಿ ಮುಗಿದ ಎಲ್ಲ ಖಾಸಗಿ ವಾಹನಗಳಂತೆ ಇದನ್ನೂ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಕಚೇರಿಗೆ ಒಯ್ದು, ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಿಕೊಳ್ಳಬೇಕು.