ಜೋಜಿಲಾದ ಟ್ಯಾಂಕು

ನನ್ನ ತಂಗಿಯ ಮಗ ಹುಕ್ಕೇರಿಯವನು. ಗೋಕಾಕದ ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಾನೆ. ಒಂದು ರಾತ್ರಿ ಬಹಳ ಹೊತ್ತಾದರೂ ಅವನ ಕೋಣೆಯಲ್ಲಿ ದೀಪ ಉರಿಯುತ್ತಿದ್ದುದನ್ನು ಕಂಡು ಒಳಗೆ ಹೋದೆ. ಕಂಪ್ಯೂಟರಿನ ಪರದೆಯ ಮೇಲೆ ಯುದ್ಧದ ಟ್ಯಾಂಕೊಂದು ನಿಂತಿತ್ತು. ಅದರ ತೋಪಿನ ಗೋಪುರ ಮಾತ್ರ ಒಡಲನ್ನು ಬಿಟ್ಟು ಗಾಳಿಯಲ್ಲಿ ಗಿರಗಿರನೆ ಸುತ್ತುತ್ತಿತ್ತು.

"ಮಾಮಾ, ತಿರುಗೋ ನಡುಬಿಂದು ತಪ್ಪೇತ್ರಿ" ಎಂದ.

ಅವನು ಮಾಡುತ್ತಿದ್ದುದು ಆಟವಲ್ಲ, ಆಟಕ್ಕೊಂದು ಸೇರಿಕೆ. ಯಾರೋ ರಚಿಸಿ ಮಾರಿದ ವಿಡಿಯೋ ಆಟಕ್ಕೆ ಅದನ್ನು ಆಡುವವರೇ ಹೊಸ ಪಾತ್ರ, ಹೊಸ ನೆಲ, ಹೊಸ ಆಯುಧಗಳನ್ನು ಕೂಡಿಸುತ್ತಾರೆ. ಇದಕ್ಕೆ 'ಮಾಡ್' ಎಂದು ಹೆಸರು. ಇದು ನಮಗೆ ತೀರ ಹೊಸದೆಂದು ನಾನು ಒಪ್ಪಲಾರೆ. ಅಪರಾಳ ತಮ್ಮಣ್ಣನ ಪಾರಿಜಾತವನ್ನು ತಿದ್ದಿ, ಬೆಳೆಸಿ, ರಂಗಕ್ಕೆ ಒಗ್ಗಿಸಿದವನು ಇಂದಿನ ಮೂಡಲಗಿ ತಾಲೂಕಿನ ಕುಲಗೋಡ ತಮ್ಮಣ್ಣ. ಮೂಲವನ್ನು ಮೀರಿ ಸೇರಿಕೆಯೇ ಜನಪ್ರಿಯವಾಗುವುದು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಜಗತ್ತಿನ ತರುಣರೆಲ್ಲ ಬಲ್ಲ 'ಕೌಂಟರ್ ಸ್ಟ್ರೈಕ್' 1999ರಲ್ಲಿ ಹುಟ್ಟಿದ್ದು 'ಹಾಫ್ ಲೈಫ್' ಎಂಬ ಮತ್ತೊಂದು ಆಟದ ಸೇರಿಕೆಯಾಗಿಯೇ.

ಅವನು ಆರಿಸಿಕೊಂಡದ್ದು ಸ್ಟೂವರ್ಟ್ ಎಂಬ ಅಮೆರಿಕದ ಹಗುರ ಟ್ಯಾಂಕು. ನಾಲ್ವರ ಸವಾರಿ, 37 ಮಿಲಿಮೀಟರಿನ ಸಣ್ಣ ತೋಪು. ಎರಡನೆಯ ಮಹಾಯುದ್ಧ ಮುಗಿಯುವ ಮುನ್ನವೇ ಯುರೋಪಿನ ರಣರಂಗದಲ್ಲಿ ಅದು ಹಳತೆನಿಸಿಕೊಂಡಿತ್ತು. ಇಂಥದನ್ನೇಕೆ ಹಿಡಿದೆ ಎಂದು ಕೇಳಿದೆ. "ತಿಮ್ಮಯ್ಯನವರದ್ರಿ" ಎಂದ.

ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದಲ್ಲಿ ಮೇಜರ್ ಜನರಲ್ ಆಗಿದ್ದರು. ಲೇಹಕ್ಕೆ ಹೋಗುವ ಹಾದಿ ಜೋಜಿಲಾ ಕಣಿವೆಯಲ್ಲಿ ಕಟ್ಟಿಹೋಗಿತ್ತು. ಎದುರಾಳಿಗಳು ಬಂಡೆಗಳ ಮರೆಯಲ್ಲಿ ಮಷಿನ್‌ಗನ್ನುಗಳನ್ನು ಹೂಡಿ ಕುಳಿತಿದ್ದರು. ಬರಿಯ ಪದಾತಿಗಳ ದಾಳಿ ಸೆಪ್ಟೆಂಬರಿನಲ್ಲಿ ಸೋತಿತು. ಆಗ ಸುಮಾರು 11,500 ಅಡಿ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸುವ ಯೋಚನೆ ಬಂತು. ಅಷ್ಟು ಎತ್ತರದಲ್ಲಿ ಅದುವರೆಗೆ ಯಾರೂ ಟ್ಯಾಂಕು ಹೂಡಿರಲಿಲ್ಲ. ಏಳನೆಯ ಲೈಟ್ ಕ್ಯಾವಲ್ರಿಯ ಸ್ಟೂವರ್ಟ್‌ಗಳ ಗೋಪುರಗಳನ್ನು ಕಳಚಿ, ಗುರುತು ಸಿಗದಂತೆ, ದುರ್ಬಲ ಸೇತುವೆಗಳನ್ನು ದಾಟಿಸಿ ಗುಟ್ಟಾಗಿ ಸಾಗಿಸಿದರು. ಬಾಲ್ಟಾಲದಿಂದ ಮೇಲಕ್ಕೆ ಹೇಸರಗತ್ತೆಯ ಜಾಡನ್ನು ಅಗಲಿಸಿ ಟ್ಯಾಂಕಿನ ದಾರಿ ಮಾಡಿದವರು ಮದ್ರಾಸ್ ಸ್ಯಾಪರ್ಸ್ ಪಡೆಯವರು. ಆ ಪಡೆಯ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ ಇದೆ. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಕಾಣಿಸಿಕೊಂಡಾಗ ಎದುರಾಳಿಗಳ ಬಳಿ ಅವಕ್ಕೆ ಉತ್ತರವಿರಲಿಲ್ಲ. ಅದೇ ತಿಂಗಳು ದ್ರಾಸ್, ಕಾರ್ಗಿಲ್‌ಗಳೂ ಕೈಸೇರಿದವು.

ಇನ್ನು ಟ್ಯಾಂಕು ಕಟ್ಟುವ ಬಗೆ. ಗೋಕಾಕದ ಬೊಂಬೆಗಳನ್ನು ಕಂಡವರಿಗೆ ಇದು ಬೇಗ ತಿಳಿದೀತು. ಕುಶಲಕರ್ಮಿ ಹಗುರ ಕಟ್ಟಿಗೆಯನ್ನು ಕೆತ್ತಿ, ಲೇಪ ಬಳಿದು, ಒಣಗಿದ ಮೇಲೆ ಬಣ್ಣ ಹಚ್ಚುತ್ತಾನೆ. ತಟ್ಟೆಯಲ್ಲಿಟ್ಟ ಮಾವು ನಿಜವೋ ಮರವೋ ತಿಳಿಯದು. ಇಲ್ಲಿ ಕಟ್ಟಿಗೆಯ ಬದಲು ಸಣ್ಣ ಸಣ್ಣ ತ್ರಿಕೋನಗಳನ್ನು ಬಲೆಯಂತೆ ಹೆಣೆದು ಒಡಲು ಮಾಡುತ್ತಾರೆ. ತ್ರಿಕೋನಗಳು ಹೆಚ್ಚಾದಷ್ಟೂ ರೂಪ ನಯ. ಆದರೆ ಯಂತ್ರಕ್ಕೆ ಭಾರ. ಆದ್ದರಿಂದ ದೂರದಿಂದ ಕಾಣಲೆಂದು ಒರಟಾದ ಪ್ರತಿಗಳನ್ನೂ ಮಾಡಿಡಬೇಕು. ಆಮೇಲೆ ಈ ಒಡಲನ್ನು ಹಣ್ಣಿನ ಸಿಪ್ಪೆಯಂತೆ ಬಿಡಿಸಿ, ಚಪ್ಪಟೆ ಹಾಳೆಯಾಗಿ ಹರಡಿ, ಅದರ ಮೇಲೆ ಬಣ್ಣ, ತುಕ್ಕು, ಕೆಸರು ಎಲ್ಲವನ್ನೂ ಬರೆದು ಮತ್ತೆ ಹೊದಿಸಬೇಕು. ಗಾಲಿ, ಪಟ್ಟಿ, ಗೋಪುರ, ತೋಪು ಒಂದೊಂದಕ್ಕೂ ತಿರುಗುವ ಬಿಂದು ಗೊತ್ತುಮಾಡಬೇಕು. ಆ ರಾತ್ರಿ ತಪ್ಪಿದ್ದು ಇದೇ.

ಬೊಂಬೆಯವನ ಕೆಲಸ ಬಣ್ಣಕ್ಕೆ ಮುಗಿಯುತ್ತದೆ, ಇವನದು ಅಲ್ಲಿಂದ ಸುರುವಾಗುತ್ತದೆ. ಕಾಣುವ ಒಡಲಿನೊಳಗೆ ಕಾಣದ ಇನ್ನೊಂದು ಸರಳ ಒಡಲು ಇರುತ್ತದೆ. ಗುಂಡು ತಾಗಿತೋ ಇಲ್ಲವೋ ಎಂದು ಆಟ ನೋಡುವುದು ಅದನ್ನೇ. ತೂಕ, ವೇಗ, ಉಕ್ಕಿನ ದಪ್ಪ, ತೋಪು ತುಂಬುವ ಹೊತ್ತು, ಇವೆಲ್ಲ ಬರಿಯ ಅಂಕಿಗಳಾಗಿ ಒಂದು ಕಡತದಲ್ಲಿ ಕುಳಿತಿರುತ್ತವೆ.

ನಮ್ಮಿಬ್ಬರ ಜಗಳ ಹುಟ್ಟಿದ್ದು ಈ ಅಂಕಿಗಳ ಮೇಲೆ. ಅಂಕಿಯಲ್ಲಿ ಸ್ಟೂವರ್ಟ್ ಬಡವ. ಜರ್ಮನಿಯ ದೊಡ್ಡ ಟ್ಯಾಂಕುಗಳ ಎದುರು ಇಟ್ಟರೆ ಒಂದೇ ಏಟಿಗೆ ಮುಗಿಯುತ್ತದೆ. ತೋಪಿನ ಬಲವನ್ನು ತುಸು ಏರಿಸಿಬಿಡುವೆನೆಂದು ಅವನೆಂದ. ನಾನು ಬೇಡವೆಂದೆ. ಅದು ಗೆದ್ದದ್ದು ಬಲದಿಂದಲ್ಲ. ಯಾರೂ ಎಣಿಸದ ಜಾಗದಲ್ಲಿ ನಿಂತದ್ದರಿಂದ. ಅಲ್ಲಿಗೆ ಅದನ್ನು ಮುಟ್ಟಿಸಿದ್ದು ದಾರಿ ಕಡಿದವರ ಕೈ. ಆಟದಲ್ಲಾದರೋ ದಾರಿ ಮೊದಲೇ ಸಿದ್ಧವಿರುತ್ತದೆ, ಗುದ್ದಲಿ ಹಿಡಿದವನಿಗೆ ಅಲ್ಲಿ ವೇಷವೇ ಇಲ್ಲ. ಯುದ್ಧವನ್ನು ಆಟವಾಗಿಸುವುದರಲ್ಲಿ ನನಗೆ ಮೊದಲಿನಿಂದಲೂ ಇರುವ ಅಸಮಾಧಾನ ಇದೇ: ಅಲ್ಲಿ ಸಿಡಿಯುವುದಕ್ಕೆ ಮಾತ್ರ ಲೆಕ್ಕ.

ಅವನು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕರೆದು ತೋರಿಸಿದ. ತೋಪಿನ ಬಲ ಮೊದಲಿದ್ದಷ್ಟೇ ಇತ್ತು. ಗೋಪುರವಿಲ್ಲದ ಇನ್ನೊಂದು ಸ್ಟೂವರ್ಟನ್ನು ಮಾಡಿದ್ದ. ಅದಕ್ಕೆ ಹೊಡೆಯುವ ಶಕ್ತಿಯೇ ಇಲ್ಲ. ಮುಂದೊಂದು ಮರದ ಸೇತುವೆ, ಅದಕ್ಕೊಂದು ತಡೆಯುವ ಭಾರದ ಮಿತಿ. ಆಡುವವನು ಮೊದಲು ತೊಲೆ ಕೊಟ್ಟು ಸೇತುವೆಯನ್ನು ಬಲಪಡಿಸಬೇಕು. ಎರಡು ಸಲ ಟ್ಯಾಂಕು ಹಳ್ಳಕ್ಕೆ ಬಿತ್ತು. ಮೂರನೆಯ ಸಲ ಇನ್ನೆರಡು ತೊಲೆ ಕೊಟ್ಟು, "ಸುಮ್ಮ ಕೂಡ್ರಿ ಮಾಮಾ" ಎಂದು ಗದರಿಸಿ, ಮೆಲ್ಲಗೆ ಮುಂದಕ್ಕೆ ಬಿಟ್ಟ. ಸೇತುವೆ ಕಿರುಗುಟ್ಟಿತು. ಆ ಸದ್ದಿಗಾಗಿ ನಮ್ಮ ಅಟ್ಟದ ಏಣಿಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದನೆಂದು ಆಮೇಲೆ ತಿಳಿಯಿತು.